ಅಲಗಿನ ಚೂರು

ಹೆಬ್ಬೆರಳಿಗೆ ಏನೋ ತಟ್ಟಿತಲ್ಲ, ಚೂರಿ ತೊಳೆಯುವಾಗ, ಅಲಗಿನ ನಡುವೆ, ಬೂದಿ ಅಂಟಿರಬೇಕು ಎಂದು ಇನ್ನೊಮ್ಮೆ ಸವರಿದೆ, ಬೂದಿಯಲ್ಲ, ಹಳ್ಳ — ಕಡಲೆಬೇಳೆಯಷ್ಟು ಹಳ್ಳ, ಬೆಳಿಗ್ಗೆ ಇರಲಿಲ್ಲ, ಅಯ್ಯ ದೇವರೇ, ಅಲಗು ಹಾರಿದೆ, ಹಾರಿದ ಚೂರು ಎಲ್ಲಿ? ಒಲೆಯ ಮೇಲೆ ಸೋರೆಕಾಯಿ ಪಲ್ಯ, ತಾಟಿನಲ್ಲಿ ಹೆಚ್ಚಿಟ್ಟ ಹಣ್ಣು, ಎಲ್ಲ ಇದೇ ಚೂರಿಯದು, ಹೊರಗೆ ಅತ್ತೆ ಕೂಗುತ್ತಿದ್ದಾರೆ, ಸಾರಿಕಾ, ಕಲಶ ತುಂಬೀದೇನ, ಮಹಾರಾಜರು ಬಸದಿ ಬಿಟ್ರಂತ. ಬಿಟ್ಟರಂತೆ. ನಾಂದಣಿಯಿಂದ ನಮ್ಮ ಅಕಿವಾಟಕ್ಕೆ ನಡೆದು ಬಂದ ಮುನಿಗಳು, ನಾಳೆ ಮುಂದಿನ ಊರಿಗೆ ನಡೆದು ಹೋಗುವವರು, ದಿನಕ್ಕೊಂದೇ ಊಟ, ನಿಂತು, ಅಂಗೈಯಲ್ಲಿ, ಯಾರ ಬಾಗಿಲಲ್ಲಿ ನಿಲ್ಲುತ್ತಾರೋ ಅವರ ಮನೆಯದು — ನಮ್ಮ ಬಾಗಿಲಲ್ಲಿ ಇನ್ನೂ ನಿಂತಿಲ್ಲ, ದಿನಾ ಅತ್ತೆ ಕಲಶ ಹಿಡಿದು ನಿಲ್ಲುವುದು, ಅವರು ಮುಂದಿನ ಮನೆಗೆ ಹೋಗುವುದು, ಅತ್ತೆ ಒಳಗೆ ಬಂದು ಗೋಡೆಗೆ ಮುಖ ಮಾಡಿ ಕೂರುವುದು, ನನ್ನ ಹಣೇಬರದಾಗ ಇಲ್ಲ ಬಿಡವಾ. ಬೈಗುಳದ ಬಾಯಿಯ ಹೆಂಗಸು ಹಾಗೆ ಮೆತ್ತಗೆ ಮಾತಾಡಿದರೆ ನನಗೆ ಹೆದರಿಕೆ.

ಒಲೆಯ ಕಟ್ಟಿಗೆ ಸೀಳಲು ಕೊಡಲಿ ಬೇಡ ಅಂದವರೂ ಅತ್ತೆಯೇ — ಕೊಡ್ಲಿಗಿ ಕಣ್ಣಿಲ್ಲ, ಒಂದ ಏಟಿಗೆ ಒಳಗಿನ ಇರವಿ, ಹುಳಾ ಎಲ್ಲಾ ಸಾಯ್ತಾವ, ಕಟಿಗಿ ಮ್ಯಾಲ ಚೂರಿ ಇಟ್ಟು ಬಡಿಗಿಲೆ ಮೆಲ್ಲಕ ಬಡಿ, ಬಿರಿಯೂ ಮುಂದ ಒಳಗ ನೋಡು. ನೋಡಿದೆ, ಒಂದೊಂದು ತುಂಡನ್ನೂ ನೋಡಿದೆ, ಒಂದರೊಳಗೆ ಬಿಳಿ ಹುಳ ಮಲಗಿತ್ತು, ಆ ತುಂಡನ್ನು ಹಾಗೇ ಬೇಲಿಯ ಬುಡಕ್ಕೆ ಇಟ್ಟು ಬಂದೆ, ಹುಳ ಉಳಿಯಿತು, ಚೂರಿ ಉಳಿಯಲಿಲ್ಲ. ಚೂರಿ ಇವರು ಮಾಡಿದ್ದು, ಗೋಕುಳ ಶಿರಗಾಂವದ ವರ್ಕ್‌ಶಾಪಿನಲ್ಲಿ, ಕಬ್ಬಿಣ ಉಜ್ಜಿ ಉಜ್ಜಿ ಸವೆದ ಅರವನ್ನು ತೀಡಿ, ಹೊಸ ಹೆಂಡತಿಗೆ ಬಳೆ ತರುವ ದಿನಗಳಲ್ಲಿ ಚೂರಿ ತಂದ ಪುಣ್ಯಾತ್ಮ, ಭಾಳ ಗಟ್ಟಿ ಐತಿ ನೋಡ, ನಿನ್ನಂಗ. ಗಟ್ಟಿ ಹೌದು, ಹೆಚ್ಚುವುದಕ್ಕೆ ಗಟ್ಟಿ, ಜಾಲಿಯ ಗಂಟಿನ ಮೇಲೆ ಇಟ್ಟು ಬಡಿದರೆ ಅದಾದರೂ ಏನು ಮಾಡೀತು, ಟಣ್ ಅಂದಿತ್ತು, ಕೇಳಿಸಿತ್ತು ನನಗೆ, ಕೇಳಿಸಿಯೂ ಬಡಿದೆ. ಮಡಿ ಉಟ್ಟಮೇಲೆ ಹೊರಗಿನದು ಮುಟ್ಟುವಂತಿಲ್ಲ, ಒಳಗೆ ತಂದದ್ದು ಇದೊಂದೇ ಚೂರಿ, ಕಟ್ಟಿಗೆ ಸೀಳಿದೆ, ತೊಳೆದೆ, ಸೋರೆಕಾಯಿ ಹೆಚ್ಚಿದೆ, ಬೆಂಕಿ ಇಳಿಯಿತು, ಮತ್ತೆ ಸೀಳಿದೆ, ತೊಳೆದೆ, ಹಣ್ಣು ಹೆಚ್ಚಿದೆ — ಟಣ್ ಅಂದದ್ದು ಯಾವಾಗ, ಮೊದಲೋ ಆಮೇಲೋ? ಗಂಟಿನ ಸೀಳನ್ನು ಬಿಡಿಸಿ ನೋಡಿದೆ, ಇಲ್ಲ, ನೆಲದ ಮೇಲೆ ಇಲ್ಲ, ಬೂದಿಯನ್ನು ಚಿಮಟಿಗೆಯಿಂದ ಕೆದಕಿದೆ, ಇಲ್ಲ, ತೊಳೆದ ನೀರು ಆಗಲೇ ಹರಿದು ಹೋಗಿದೆ. ಬಿಳಿ ಧೋತರ ಉಟ್ಟು ಇವರು ಬಾಗಿಲಿಗೆ ಬಂದರು, ಚೂರಿ ತೋರಿಸಿದೆ, ಎಲ್ಲೋ ಸಿಡದು ಬಿದ್ದಿರ್ತೈತಿ ಬಿಡ, ಅವ್ವನ ಮಾರಿ ನೋಡು, ಇವತ್ತ ಏನೂ ಅನಬ್ಯಾಡ. ಅವ್ವನ ಮುಖ ನೋಡಿಯೇ ಇದ್ದೇನೆ ಮಾರಾಯ, ನಿನಗಿಂತ ಹೆಚ್ಚು ನಾನೇ ನೋಡಿದ್ದೇನೆ, ಆದರೆ ಆ ಅಂಗೈಯಲ್ಲಿ ತುತ್ತು ಇಡುವ ಕೈ ನನ್ನದು, ನಿನ್ನದಲ್ಲ, ಎಲ್ಲೋ ಬಿದ್ದಿದ್ದರೆ ಸರಿ, ಬೀಳದೆ ಪಲ್ಯದಲ್ಲಿದ್ದರೆ ಅವರ ಗಂಟಲು. ಹೇಳುತ್ತೇನೆ. ಹೇಳಿಯೇ ತೀರುತ್ತೇನೆ.

ಅತ್ತೀ, ಚೂರಿ — ಈಗ ಚೂರಿ ಗೀರಿ ಏನ ಹಚ್ಚೀದಿ, ಕಲಶ ಹಿಡಿ, ಓಣ್ಯಾಗ ಬಂದ್ರು, ಕಲಶ ಕೈಗೆ ಬಂತು, ತಣ್ಣಗಿದೆ, ಹೊಸ್ತಿಲ ಮುಂದೆ ಸಾಲಾಗಿ ನಿಂತೆವು, ಓಣಿಯ ತುಂಬ ಬಾಗಿಲು ಬಾಗಿಲಿಗೆ ಅದೇ ಕೂಗು, ಹೇ ಸ್ವಾಮೀ ನಮೋಸ್ತು ನಮೋಸ್ತು, ಹೋಗಲಿ, ಇವತ್ತೂ ಮುಂದಿನ ಮನೆಗೇ ಹೋಗಲಿ, ನಾನು ಹೀಗೆ ಬೇಡುವ ದಿನವೂ ಬಂತಲ್ಲ. ನಿಂತರು. ನಮ್ಮೆದುರೇ ನಿಂತರು. ಕೈಯಲ್ಲಿ ನವಿಲುಗರಿಯ ಪಿಂಛಿ, ಬಲಗೈಯ ಬೆರಳು ಕೂಡಿಸಿ ಹೆಗಲಿಗೆ ಇಟ್ಟಿದ್ದಾರೆ, ಆಹಾರಕ್ಕೆ ಹೊರಟವರ ಗುರುತು ಅದು, ಉಣ್ಣುವ ಮೊದಲೇ ಆ ಬೆರಳು ಬಿಚ್ಚಿದರೆ ಮುಗಿಯಿತು, ಅವತ್ತು ಬೇರೆ ಯಾವ ಮನೆಯಲ್ಲೂ ಊಟ ಇಲ್ಲ, ನಾಳೆಯವರೆಗೆ ನೀರೂ ಇಲ್ಲ. ಅತ್ತೆ ಅಳುತ್ತಿದ್ದಾರೆ, ಅಳುತ್ತಲೇ ಪ್ರದಕ್ಷಿಣೆ ಹಾಕುತ್ತಿದ್ದಾರೆ, ನಾನೂ ಹಿಂದೆ, ಇವರು ನನ್ನ ಹಿಂದೆ, ಸುಮ್ನಿರ ಸಾರಿಕಾ, ಕಿವಿಯ ಹತ್ತಿರ ಉಸಿರು. ಇಲ್ಲ. ಈಗ ಎಲ್ಲ ಶುದ್ಧವಾಗಿದೆ ಎಂದು ಎಲ್ಲರೂ ಕೂಡಿ ಹೇಳಬೇಕು, ಹೇಳದೆ ಅವರು ಹೊಸ್ತಿಲು ದಾಟುವುದಿಲ್ಲ, ಮನಶುದ್ಧಿ, ಅತ್ತೆಯ ದನಿ ನಡುಗುತ್ತಿದೆ, ವಚನಶುದ್ಧಿ, ಇವರ ದನಿ ಜೋರಾಗಿದೆ, ನನ್ನದನ್ನೂ ಮುಚ್ಚುವಷ್ಟು, ಕಾಯಶುದ್ಧಿ, ಆಹಾರ-ಜಲ — ಆಹಾರ ಶುದ್ಧ ಇಲ್ರೀ ಮಹಾರಾಜ, ಚೂರಿ ಮುರದೈತ್ರಿ, ಚೂರು ಸಿಕ್ಕಿಲ್ರಿ, ನನ್ನ ದನಿಯೇ, ಎಷ್ಟು ಜೋರು, ಅತ್ತೆ ಬಾಯಿ ತೆರೆದವರು ತೆರೆದೇ ಇದ್ದಾರೆ, ನಾನು ತಲೆ ತಗ್ಗಿಸುವುದಿಲ್ಲ, ನೋಡುತ್ತೇನೆ, ಮುನಿಗಳು ನನ್ನನ್ನೇ ನೋಡುತ್ತಿದ್ದಾರೆ, ಸಿಟ್ಟಿಲ್ಲ, ಹೆಗಲ ಮೇಲಿನ ಬೆರಳು, ಬಿಚ್ಚುತ್ತಿವೆ, ಒಂದೊಂದೇ ಬೆರಳು, ಬಿಚ್ಚುತ್ತಿವೆ, ಬೆರಳು