ಕೆಂಪು ದಾರದ ಗಂಟು

ದರ್ಜಿ ತೀರಿಕೊಂಡ ಎರಡನೆಯ ತಿಂಗಳು, ಮಗಳು ತಾಯಿಯನ್ನು ‘ಮರುನೆಲೆ’ ಕಚೇರಿಗೆ ಕರೆತಂದಳು. ಸತ್ತವರ ಮಾತು, ನಡೆ, ನೆನಪುಗಳನ್ನೆಲ್ಲ ಯಂತ್ರದೊಳಗೆ ಇಳಿಸಿ ಪರದೆಯ ಆಚೆಗೆ ಅವರಿಗೊಂದು ಲೋಕ ಕಟ್ಟಿಕೊಡುವ ಕಚೇರಿ ಅದು. ತಾಯಿ ನೋಡಿ, ಒಪ್ಪಿ, ರುಜು ಹಾಕಿದರೆ ದರ್ಜಿ ಅಲ್ಲಿ ಎಂದೆಂದಿಗೂ ಇರುತ್ತಾರೆ. ಇಲ್ಲವಾದರೆ ಕಚೇರಿಯವರು ಅವರನ್ನು ಇವತ್ತೇ ಅಳಿಸಿಬಿಡುತ್ತಾರೆ.

ಪರದೆ ಬೆಳಗಿತು. ಅದೇ ಅಂಗಡಿ, ದರ್ಜಿಯ ಕೊರಳಲ್ಲಿ ಅದೇ ಅಳತೆಪಟ್ಟಿ. ಕೆಮ್ಮು ಮಾತ್ರ ಇರಲಿಲ್ಲ.

“ಏನೇ, ಮೊಣಕಾಲು ನೋವು ಹೇಗಿದೆ?”

ತಾಯಿ ಪರದೆಯತ್ತ ಬಾಗಿದರು. “ಅದು ಹಾಗಿರಲಿ ರೀ. ಕನ್ನಡಕ ಇಲ್ದೇ ಸೂಜಿ ಪೋಣಿಸ್ತಿದ್ದೀರಲ್ಲ!”

“ಇಲ್ಲಿ ಕಣ್ಣು ಮಂಜಾಗಲ್ಲ. ಕತ್ತರಿ ಜಾರೋದೇ ಇಲ್ಲ.”

“ಅಬ್ಬಾ ಜಂಬವೇ! ನಲವತ್ತು ವರ್ಷದಲ್ಲಿ ನನ್ನ ರವಿಕೆಯ ತೋಳೊಂದನ್ನೂ ಸರಿಯಾಗಿ ಕೂರಿಸಲಿಲ್ಲ.”

ಮಗಳು ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಕಚೇರಿಯ ಗುಮಾಸ್ತ ಒಪ್ಪಿಗೆಯ ಕಾಗದ ಮುಂದೆ ಸರಿಸಿದ. ತಾಯಿ ಲೇಖನಿ ಕೈಗೆತ್ತಿಕೊಂಡರು.

ಅಷ್ಟರಲ್ಲಿ ದರ್ಜಿ ತಾವು ತೊಟ್ಟಿದ್ದ ಅಂಗಿಯ ಅಂಚು ಮಡಚಿ ತೋರಿಸಿದರು. ಒಳಗೆ ಕೆಂಪು ದಾರದ ಗಂಟು.

ಆಕೆಯ ಕೈ ನಿಂತಿತು. ಹೊಲಿಗೆ ತಪ್ಪಿದರೆ ದರ್ಜಿ ಮುಚ್ಚಿಡುತ್ತಿರಲಿಲ್ಲ. ಒಳಮಡಿಕೆಯಲ್ಲಿ ಕೆಂಪು ಗಂಟು ಹಾಕಿ, ಗಿರಾಕಿಗೆ ತೋರಿಸಿ, “ಇಲ್ಲಿ ಎಡವಿದ್ದೀನಿ, ಬೇಕಾದರೆ ಒಯ್ಯಿ” ಎಂದು ಹೇಳಿಯೇ ಕೊಡುತ್ತಿದ್ದರು.

“ಅಂಗಿ ಚೆನ್ನಾಗೇ ಇದೆಯಲ್ಲ ರೀ?”

“ಅಂಗಿ ಚೆನ್ನಾಗಿದೆ ಕಣೇ. ತೊಟ್ಟಿರೋನು ನಿನ್ನ ಗಂಡ ಅಲ್ಲ. ಹೇಳದೆ ಹೇಗೆ ಕೊಡಲಿ?”

ಗುಮಾಸ್ತ ತಡವರಿಸಿದ. “ಸಣ್ಣ ದೋಷ ಅಮ್ಮಾ. ತಿದ್ದಿಬಿಡ್ತೀವಿ. ಆಮೇಲೆ ಹೀಗೆಲ್ಲ ಮಾತಾಡಲ್ಲ.”

“ಅದನ್ನೇ ತೆಗೆದುಬಿಟ್ಟರೆ ಅವರಲ್ಲಿ ಇನ್ನೇನಪ್ಪಾ ಉಳೀತು?” ಆಕೆ ಬೆನ್ನು ನೆಟ್ಟಗೆ ಮಾಡಿ ಕುಳಿತರು.

“ಅಮ್ಮಾ, ಅಳಿಸಿಬಿಡ್ತಾರೆ…” ಮಗಳ ದನಿ ಒಡೆಯಿತು.

“ನಿಮ್ಮಪ್ಪನ್ನ ದೇವರು ಕರಕೊಂಡಿದ್ದಾನೆ ಮಗಳೇ, ಈ ಕಚೇರಿಯವರಲ್ಲ. ಇದು ಅವರ ನೆರಳು. ಆದರೂ ನೋಡು, ನೆರಳು ಕೂಡ ನನಗೆ ಸುಳ್ಳು ಹೇಳಲಿಲ್ಲ!” ಲೇಖನಿಯನ್ನು ಕೆಳಗಿಟ್ಟು ಪರದೆಯತ್ತ ತಿರುಗಿದರು. “ಅಂಗಡಿ ಮುಚ್ಚಿ ರೀ. ಕೆಲಸ ಚೆನ್ನಾಗಿ ಮಾಡಿದ್ದೀರಿ.”

ದರ್ಜಿ ಅಳತೆಪಟ್ಟಿಯನ್ನು ಸುತ್ತಿ ಮೇಜಿನ ಮೇಲಿಟ್ಟರು. ಪರದೆ ಕಪ್ಪಾಯಿತು.

ಬೀದಿಗೆ ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ತಾಯಿ ತಮ್ಮ ರವಿಕೆಯ ಎಡತೋಳಿನ ಅಂಚನ್ನು ಮಡಚಿದರು. ಒಳಗೆ ಮೂರು ಕೆಂಪು ಗಂಟುಗಳಿದ್ದವು.

“ಮೂರಾ!” ಎಂದಳು ಮಗಳು, ಅಳುವಿನ ನಡುವೆ.

“ಬಲಗಡೆ ಇನ್ನೂ ಎರಡಿವೆ,” ಎಂದು ಆಕೆ ಅದನ್ನೂ ಮಡಚಿ, ಗಂಟುಗಳೆಲ್ಲ ಹೊರಗೆ ಕಾಣುವಂತೆ, ತಲೆಯೆತ್ತಿ ಜನರ ನಡುವೆ ನಡೆದರು.