ಜಗದೇವಪ್ಪನವರ ಪನ್ನೀರಿನ ಭಟ್ಟಿ

ಅಂಗಡಿಯಿಂದ ತಂದ ಪನ್ನೀರಿನ ಬಾಟಲಿಯ ಮುಚ್ಚಳ ತೆರೆದ ಕೂಡಲೇ ಪ್ರಿಯಾಂಕಾ ಸೀನತೊಡಗಿದಳು. ಏಳು ಸೀನುಗಳು. ಜಗದೇವಪ್ಪನವರು ಎಣಿಸಿದರು. ವಿಜಯಪುರದ ನೀರಾವರಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕಾಲುವೆಯ ನೀರನ್ನು ಅಳೆದು ನಿವೃತ್ತರಾದವರಿಗೆ ಎಣಿಸದೆ ಇರುವುದು ಕಷ್ಟ. ಈಗ ಅವರು ಪರದೇಶದ ಗ್ರೀನ್‌ಫರ್ಡಿನಲ್ಲಿ ಮಗ ಸುಶಾಂತನ ಮನೆಯಲ್ಲಿದ್ದಾರೆ. ಪ್ರಿಯಾಂಕಾ ಅವರ ಸೊಸೆ. ಅವಳಿಗೆ ಏಳು ತಿಂಗಳು ತುಂಬಿದೆ. ಮುಂದಿನ ಭಾನುವಾರ ಕುಬಸ. ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ನಲವತ್ತು ಮಂದಿ ಬರುವವರಿದ್ದರು.

"ಮಾವಾರ, ಆ ವಾಸನಿ ನನಗ ಆಗೂದಿಲ್ರಿ," ಎಂದು ಪ್ರಿಯಾಂಕಾ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಹೋದಳು.

ಜಗದೇವಪ್ಪನವರ ಪತ್ನಿ ಪಾರ್ವತೆವ್ವ ಸೆರಗಿನಿಂದ ಮುಖ ಒರೆಸಿಕೊಂಡರು. "ಬಂದವರ ಮ್ಯಾಲ ಬಾಗಿಲದಾಗ ಪನ್ನೀರು ಹಾಕಲಿಲ್ಲಂದ್ರ ಅದೆಂಥಾ ಕುಬಸಾರಿ? ಹಾಕಿದ್ರ ಈ ಹುಡುಗಿ ಸೀನೂದ ನಿಲ್ಲೂದಿಲ್ಲ."

ಜಗದೇವಪ್ಪನವರು ಕಿಟಕಿಯಿಂದ ನೋಡಿದರು. ಹಿತ್ತಲಿನ ಬೇಲಿಯ ತುಂಬ ಗುಲಾಬಿ ಅರಳಿತ್ತು. ಸೊಸೆ ಆ ಹೂಗಳ ನಡುವೆಯೇ ನಿಂತು, ಒಂದಕ್ಕೆ ಮೂಗು ತಾಗಿಸಿ, ನೆಮ್ಮದಿಯಿಂದ ಉಸಿರಾಡುತ್ತಿದ್ದಳು. ಲೆಕ್ಕ ಸ್ಪಷ್ಟವಿತ್ತು. ಅವಳಿಗೆ ಆಗದಿರುವುದು ಗುಲಾಬಿಯಲ್ಲ, ಬಾಟಲಿಯಲ್ಲಿದ್ದ ಬೇರೇನೋ.

"ನಾನ ಭಟ್ಟಿ ಇಳಸ್ತೀನಿ," ಎಂದರು.

"ಏನಂದ್ರಿ? ಈ ವಯಸ್ಸಿನಾಗ ಭಟ್ಟಿ? ಬೀಗರ ಕಿವಿಗೆ ಬಿದ್ದರ ಏನ ತಿಳಕೋತಾರ!"

"ಹೂವಿನ ಭಟ್ಟಿ. ನೀರು ಕುದಿಸೂದು, ಆವಿ ತಣಸೂದು. ಇದರಾಗ ಏನ ದೊಡ್ಡ ವಿದ್ಯಾ ಐತಿ?"

ಗುರುವಾರ ಬೆಳಿಗ್ಗೆ ಕೆಲಸ ಆರಂಭವಾಯಿತು. ಊರಿನಿಂದ ಸೂಟ್‌ಕೇಸಿನಲ್ಲಿ ಬಂದಿದ್ದ ಐದು ಲೀಟರಿನ ಹಳೆಯ ಪ್ರೆಶರ್ ಕುಕ್ಕರ್ ಅಟ್ಟದಿಂದ ಇಳಿಯಿತು. ಜಗದೇವಪ್ಪನವರು ಸೀಟಿಯನ್ನು ತೆಗೆದು, ಅದು ಕೂರುವ ಮೂತಿಗೆ ಎರಡು ಮೀಟರ್ ತಾಮ್ರದ ಕೊಳವೆ ಜೋಡಿಸಿದರು. ಕೊಳವೆಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಸುತ್ತಿಸಿ, ಬಕೆಟ್ಟಿನ ಬುಡದ ರಂಧ್ರದಿಂದ ಹೊರಗೆ ತಂದು, ಅದರ ತುದಿಗೆ ಬಾಟಲಿ ಇಟ್ಟರು. ಸಂದುಗಳಿಗೆ ಮೆತ್ತಲು ಪಾರ್ವತೆವ್ವ ಜೋಳದ ಹಿಟ್ಟು ನಾದಿಕೊಟ್ಟರು. ಒಂದೂವರೆ ಲೀಟರು ನೀರು, ಮೇಲೆ ಗುಲಾಬಿ ಎಸಳು, ಕೆಳಗೆ ಉರಿ.

ಅರ್ಧ ಗಂಟೆಯಲ್ಲಿ ಜೋಳದ ಹಿಟ್ಟು ಒಣಗಿ, ಬೇಸಿಗೆಯ ಕೆರೆಯ ತಳದ ಹಾಗೆ ಬಿರಿಯಿತು. ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಆವಿ ತುಂಬಿತು. ಒಲೆ ಆರಿಸಿ, ಎಲ್ಲ ತಣಿದ ಮೇಲೆ ಜಗದೇವಪ್ಪನವರು ಅಳತೆಯ ಜಾಡಿ ಹಿಡಿದರು. ಹಾಕಿದ್ದು ಸಾವಿರದ ಐನೂರು ಮಿಲಿ. ಕುಕ್ಕರಿನಲ್ಲಿ ಉಳಿದದ್ದು ಒಂಬೈನೂರು. ಬಾಟಲಿಗೆ ಬಂದದ್ದು ನೂರ ಇಪ್ಪತ್ತು.

"ನಾನೂರ ಎಂಬತ್ತು ಮಿಲಿ ಎಲ್ಲಿ ಹೋತು?" ಎಂದು ಅವರು ಕೇಳಿದ ದನಿ, ಕಾಲುವೆಯ ನೀರು ಕದ್ದವರನ್ನು ವಿಚಾರಿಸುವಂತಿತ್ತು.

"ಕಿಟಕಿ ಒರಸೀನಿ ನೋಡ್ರಿ, ಈ ಬಟ್ಟಿ ಹಿಂಡ್ರಿ, ಅರ್ಧ ಸಿಗತೇತಿ," ಎಂದರು ಪಾರ್ವತೆವ್ವ.

ಜಗದೇವಪ್ಪನವರು ನಗಲಿಲ್ಲ. ಒಂದು ಹನಿಯೂ ಸೋರದ ಭಟ್ಟಿ ಕಟ್ಟಬೇಕೆಂದು ಅಂದೇ ನಿರ್ಧರಿಸಿದರು. ಆ ನಿರ್ಧಾರದಲ್ಲೇ ತಪ್ಪು ಅಡಗಿತ್ತು.

ಶುಕ್ರವಾರ ಹಿಟ್ಟನ್ನು ಬಿಟ್ಟು, ಕೊಳಾಯಿ ಕೆಲಸದವರು ಬಳಸುವ ಗಟ್ಟಿ ಅಂಟು ತಂದರು. ಕೊಳವೆಯ ಸಂದಿಗೆ ಮೆತ್ತಿ ತಂತಿ ಬಿಗಿದರು. ಕುಕ್ಕರಿನ ಮುಚ್ಚಳದ ಮೇಲೆ ಒಂದು ಸಣ್ಣ ಬಿಲ್ಲೆ ಇರುತ್ತದೆ. ಒಳಗಿನ ಒತ್ತಡ ಮಿತಿಮೀರಿದರೆ ಅದು ಬಿಚ್ಚಿಕೊಂಡು ಆವಿಯನ್ನು ಹೊರಗೆ ಬಿಡುತ್ತದೆ. ಅದರ ಸುತ್ತ ನಿನ್ನೆ ಸ್ವಲ್ಪ ತೇವ ಕಂಡಿತ್ತಾದ್ದರಿಂದ ಅದರ ಮೇಲೂ ಅಂಟು ಬಳಿದರು. ಪರಿಮಳ ಹಾರಿಹೋಗಬಾರದೆಂದು ಬಾಟಲಿಯ ಬಾಯಿಯನ್ನೂ ಕೊಳವೆಯ ಸುತ್ತ ಮುಚ್ಚಿದರು. ಗುಲಾಬಿಯನ್ನು ನಿನ್ನೆಯ ಎರಡರಷ್ಟು ತುಂಬಿ, ಕೈಯಿಂದ ಒತ್ತಿದರು.

ಪ್ರಿಯಾಂಕಾ ಮುಕ್ಕಾಲಿ ತಂದು ಒಲೆಯ ಬದಿಗೇ ಕುಳಿತಳು. "ಮೊದಲನೇ ಹನಿ ವಾಸನಿ ನಾನ ನೋಡಾಕಿ, ಮಾವಾರ."

"ಕೂಡ್ರವ್ವಾ, ಕೂಡ್ರು. ಇವತ್ತ ಒಂದ ಹನಿ ತಪ್ಪಿಸ್ಕೊಂಡರ ನನ್ನ ಹೆಸರ ಬ್ಯಾರೆ ಇಡು."

ಹತ್ತು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ಬಾಟಲಿ ಒಣಗಿಯೇ ಇತ್ತು. ಆ ಹೊತ್ತಿಗೆ ಪಕ್ಕದ ಮನೆಯ ಮೈತ್ರೇಯಿ, ಭಾನುವಾರಕ್ಕೆಂದು ನಾಲ್ಕು ಮಡಿಸುವ ಕುರ್ಚಿಗಳನ್ನು ಎತ್ತಿಕೊಂಡು ಹಿಂಬಾಗಿಲಿನಿಂದ ಬಂದಳು. ಬೆಂಗಳೂರಿನವಳು, ಇಲ್ಲಿಯ ಶಾಲೆಯೊಂದರ ರಸಾಯನಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುವವಳು.

"ಆಂಟಿ, ಈ ಚೇರು ಎಲ್ಲಿಡ್ಲಿ?" ಎಂದವಳು ಒಲೆಯ ಕಡೆ ನೋಡಿ ಮಾತು ನಿಲ್ಲಿಸಿದಳು. "ಅಂಕಲ್, ಇದು ಎಷ್ಟು ಹೊತ್ತಿಂದ ಕುದೀತಿದೆ?"

"ಇಪ್ಪತ್ತೆರಡು ನಿಮಿಷ."

"ಎಷ್ಟು ಬಂತು?"

"ಏನೂ ಬಂದಿಲ್ಲ. ಅದಕ್ಕ ಉರಿ ಏರಸಾಕ ಹೊಂಟಿದ್ದೆ."

ಮೈತ್ರೇಯಿ ಕುರ್ಚಿಗಳನ್ನು ಬಾಗಿಲಲ್ಲೇ ಬಿಟ್ಟು, ಎರಡೇ ಹೆಜ್ಜೆಗೆ ಒಲೆ ತಲುಪಿ ಗ್ಯಾಸ್ ಆರಿಸಿದಳು. "ಪ್ರಿಯಾಂಕಾ, ಏಳು, ಗಾರ್ಡನ್‌ಗೆ ಹೋಗು. ಆಂಟಿ, ನೀವೂ ಹೋಗಿ. ಅಂಕಲ್, ದಯವಿಟ್ಟು ಅದನ್ನ ಮುಟ್ಟಬೇಡಿ. ಬನ್ನಿ."

"ಏನ ಹುಡುಗಿ, ನಲವತ್ತು ವರ್ಷ ಕುಕ್ಕರ್ ಕಂಡವರು ನಾವು!"

"ಸೀಟಿ ಹೊಡಿಯೋ ಕುಕ್ಕರ್ ಕಂಡಿದ್ದೀರಿ, ಅಂಕಲ್. ಬಾಯಿ ಕಟ್ಟಿದ ಕುಕ್ಕರ್ ಕಂಡಿಲ್ಲ, ಅದು ಸಿಡಿಯತ್ತೆ. ಮೊದ್ಲು ಹೊರಗೆ ಬನ್ನಿ, ಆಮೇಲೆ ಎಷ್ಟು ಬೇಕಾದ್ರೂ ಬೈರಿ."

ನಾಲ್ವರೂ ಹಿತ್ತಲಿನಲ್ಲಿ ಕುಳಿತರು. ಒಂದು ಗಂಟೆ ಯಾರೂ ಒಳಗೆ ಹೋಗಕೂಡದೆಂದು ಮೈತ್ರೇಯಿ ಕಟ್ಟುನಿಟ್ಟಾಗಿ ಹೇಳಿದಳು. ಜಗದೇವಪ್ಪನವರು ಮುಖ ಬಿಗಿದುಕೊಂಡು ಬೇಲಿ ನೋಡುತ್ತಿದ್ದರು. ಪಾರ್ವತೆವ್ವ ಅವರ ಕಡೆ ಓರೆನೋಟ ಬೀರಿ, "ಹೆಸರ ಬ್ಯಾರೆ ಇಡೂದ ಐತಲ್ಲ, ಭಾನುವಾರ ಎಲ್ಲಾರೂ ಬರ್ತಾರ, ಆಗ ಇಟ್ಟರ ಆತು," ಎಂದರು. ಪ್ರಿಯಾಂಕಾ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಳು.

ಕುಕ್ಕರ್ ಪೂರ್ತಿ ತಣಿದ ಮೇಲೆ ಮುಚ್ಚಳ ಬಿಚ್ಚಿದರು. ಬೆಂದ ಎಸಳುಗಳು ಉಬ್ಬಿ ಮೇಲೆದ್ದು, ಮೂತಿಯ ಸಣ್ಣ ರಂಧ್ರವನ್ನು ಬಿರಡೆಯಂತೆ ತುಂಬಿದ್ದವು. ಮೈತ್ರೇಯಿ ಕಡ್ಡಿಯಿಂದ ಕೆದಕಿ ತೋರಿಸಿದಳು.

"ಅಂಕಲ್, ಲೆಕ್ಕ ನಿಮ್ದೇ. ಆವಿ ಹೊರಗೆ ಬರೋಕೆ ಎಷ್ಟು ದಾರಿ ಇತ್ತು?"

ಜಗದೇವಪ್ಪನವರು ಮುಚ್ಚಳವನ್ನು ತಿರುಗಿಸಿ ನೋಡಿದರು. ಕೊಳವೆಯ ದಾರಿ ಒಂದು. ಅದನ್ನು ಹೂವು ಮುಚ್ಚಿತ್ತು. ಹೂವು ಮುಚ್ಚದಿದ್ದರೂ ಅದರ ಕೊನೆಯ ಬಾಟಲಿಯ ಬಾಯನ್ನು ತಾವೇ ಮುಚ್ಚಿದ್ದರು. ಆಪತ್ತಿಗೆಂದು ಇದ್ದ ಬಿಲ್ಲೆ ಎರಡನೆಯ ದಾರಿ. ಅದಕ್ಕೂ ತಮ್ಮದೇ ಅಂಟು. ಎರಡರಲ್ಲಿ ಎರಡು ಕಳೆದಿತ್ತು. ಅವರ ಕಣ್ಣು ಮುಕ್ಕಾಲಿಯ ಮೇಲೆ ಹೋಯಿತು. ಒಲೆಗೂ ಅದಕ್ಕೂ ನಡುವೆ ಒಂದು ಮೊಳ ಅಂತರ. ಎರಡು ಜೀವ ಅಲ್ಲಿ ಕುಳಿತಿದ್ದವು.

ಆಮೇಲೆ ಕುಕ್ಕರನ್ನು ಎತ್ತಿ ಕಸದ ಡಬ್ಬಿಯ ಪಕ್ಕಕ್ಕಿಟ್ಟು, "ಭಟ್ಟಿ ಸಾಕು. ಭಾನುವಾರ ಬರೇ ನೀರು ಚಿಮುಕಿಸೂಣು," ಎಂದರು.

"ಬಿಡೋದ್ಯಾಕೆ ಅಂಕಲ್? ಕೆಲಸ ತಪ್ಪಲ್ಲ, ಕಟ್ಟಿದ ರೀತಿ ತಪ್ಪು," ಎಂದಳು ಮೈತ್ರೇಯಿ. "ಗಿಡಕ್ಕೆ ಔಷಧಿ ಏನಾದ್ರೂ ಹೊಡೆದಿದ್ದೀರಾ?"

"ಇಲ್ಲ."

"ಹಾಗಾದ್ರೆ ನಾಳೆ ಬೆಳಿಗ್ಗೆ ಬರ್ತೀನಿ."

ಎರಡು ದಿನ ಕಿತ್ತ ಮೇಲೆ ಬೇಲಿಯಲ್ಲಿ ಒಂದೇ ಬಾರಿಗೆ ಸಾಲುವಷ್ಟು ಹೂವು ಉಳಿದಿತ್ತು. ಶನಿವಾರ ತಪ್ಪಿದರೆ ಪನ್ನೀರು ಇಲ್ಲ.

ಶನಿವಾರ ಕಿಟಕಿಗಳನ್ನೆಲ್ಲ ತೆರೆದು ಕೆಲಸ ಹೊಸದಾಗಿ ಶುರುವಾಯಿತು. ಬಿಗಿಯುವ ಮುಚ್ಚಳದ ಪಾತ್ರೆಯೇ ಬೇಡವೆಂದು ಮೈತ್ರೇಯಿ ಸ್ಟೀಲಿನ ದೊಡ್ಡ ಪಾತ್ರೆಯೊಂದನ್ನೂ ಅದರ ಗಾಜಿನ ಮುಚ್ಚಳವನ್ನೂ ಆರಿಸಿದಳು. ಮುಚ್ಚಳದ ಹಿಡಿ ಬಿಚ್ಚಿದಾಗ ಸಿಕ್ಕ ರಂಧ್ರಕ್ಕೆ ತಾಮ್ರದ ಕೊಳವೆಯ ಹೊಸ ತುಂಡು ಇಳಿಯಿತು. ಎಸಳುಗಳು ಕೊಳವೆಯವರೆಗೆ ಏರದಂತೆ ಅವನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ನೀರಿನ ಮೇಲೆ ನಿಲ್ಲುವಂತೆ ಇಡ್ಲಿ ಸ್ಟ್ಯಾಂಡಿನ ಮೇಲಿಡಬೇಕು.

"ಸಂದಿಗೆ ಜ್ವಾಳದ ಹಿಟ್ಟು ನಾದಲೇನವ್ವಾ? ಇನ್ನೊಂಚೂರು ಗಟ್ಟಿ ನಾದ್ತೀನಿ," ಎಂದರು ಪಾರ್ವತೆವ್ವ.

"ಜೋಳಕ್ಕೆ ಜಿಗುಟು ಇಲ್ಲ ಆಂಟಿ, ಎಷ್ಟು ನಾದಿದ್ರೂ ಬಿರಿಯತ್ತೆ. ಗೋಧಿ ಹಿಟ್ಟು ಕೊಡಿ."

"ಹುಟ್ಟಿದಾಗಿಂದ ರೊಟ್ಟಿ ಬಡದೀನಿ, ಇದು ನನಗ ತಿಳಿಯಬೇಕಿತ್ತು ನೋಡು!"

ಜಗದೇವಪ್ಪನವರು ಮುಚ್ಚಳದ ಮೇಲೆ ಇಡಲು ಒಂದು ಕಲ್ಲು ತಂದಿದ್ದರು. ಮೈತ್ರೇಯಿ ಅದನ್ನು ಅವರ ಕೈಯಿಂದಲೇ ಹೊರಗೆ ಇಡಿಸಿದಳು. "ಒತ್ತಡ ಹೆಚ್ಚಾದ್ರೆ ಹಿಟ್ಟು ಬಿಟ್ಕೊಂಡು ಮುಚ್ಚಳ ಮೇಲೇಳಬೇಕು. ಹಿಟ್ಟು ಇರೋದೇ ಸೋಲೋಕೆ, ಅಂಕಲ್."

ಮೊದಲು ಹೂವು ಹಾಕಲಿಲ್ಲ. ಬರೀ ನೀರು ಕುದಿಸಿದರು. ಕೊಳವೆಯೂ ತೊಳೆದಂತಾಗುತ್ತದೆ, ದೋಷವಿದ್ದರೆ ಹೂವು ವ್ಯರ್ಥವಾಗದೆ ಕಾಣುತ್ತದೆ. ದೋಷ ಎರಡು ಕಂಡವು. ಕೊಳವೆಯಲ್ಲಿ ಗೊಳಗೊಳ ಸದ್ದಾಗಿ ನೀರು ಬಿಟ್ಟುಬಿಟ್ಟು ಬೀಳುತ್ತಿತ್ತು. ಜಗದೇವಪ್ಪನವರು ಬಾಗಿ, ಒಂದು ಕಣ್ಣು ಮುಚ್ಚಿ, ಕೊಳವೆಯುದ್ದಕ್ಕೂ ನೋಡಿದರು.

"ಇಲ್ಲೊಂದು ತಗ್ಗು ಬಿದ್ದೇತಿ. ಕಾಲುವಿ ಇಳಿಜಾರು ತಪ್ಪಿದ್ರ ನೀರು ನಿಲ್ಲತೇತಿ. ಇದನ್ನ ನನಗ ಬಿಡ್ರಿ." ಒಲೆ ಆರಿಸಿ ತಣಿಸಿ, ಕೊಳವೆ ಎಲ್ಲಿಯೂ ಮೇಲೇಳದೆ ಇಳಿಯುತ್ತಲೇ ಹೋಗುವಂತೆ ಅವರೇ ಸರಿಪಡಿಸಿದರು. ಎರಡನೆಯ ದೋಷವೆಂದರೆ, ತುದಿಯಿಂದ ನೀರಿನ ಜೊತೆ ಆವಿಯೂ ಬರುತ್ತಿತ್ತು. ಬಕೆಟ್ಟಿನ ನೀರು ಮುಟ್ಟಿದರೆ ಬಿಸಿ. ಅದನ್ನು ಬದಲಿಸಿ ಮಂಜುಗಡ್ಡೆ ಹಾಕಿದ ಮೇಲೆ ಹನಿಗಳು ತಣ್ಣಗೆ, ಒಂದೇ ಸಮನೆ ಬಿದ್ದವು. ಬಾಟಲಿಯ ಬಾಯಿ ತೆರೆದೇ ಇತ್ತು. ಕೊಳವೆಯ ತುದಿ ಬಿದ್ದ ನೀರಿನಲ್ಲಿ ಮುಳುಗದಂತೆ ಮೈತ್ರೇಯಿ ನೋಡಿಕೊಂಡಳು. ಮುಳುಗಿದರೆ ಪಾತ್ರೆ ತಣಿಯುವಾಗ ನೀರನ್ನು ಹಿಂದಕ್ಕೆ ಹೀರುತ್ತದಂತೆ.

ಆ ನೀರನ್ನು ಚೆಲ್ಲಿ, ಪಾತ್ರೆಗೆ ಹೊಸದಾಗಿ ಒಂದೂವರೆ ಲೀಟರು ತುಂಬಿ, ಹೂವು ಇಟ್ಟರು. ದೂರದ ಕುರ್ಚಿಯಿಂದ ಪ್ರಿಯಾಂಕಾ ಕೀಟಲೆ ಮಾಡಿದಳು. "ಮಾವಾರ, ಇಷ್ಟು ಚಂದ ನಡದೇತಿ, ಒಂದು ವೈನ್ ಬಾಟ್ಲಿ ಹಾಕಿ ನೋಡೂಣೇನ್ರಿ?"

ಜಗದೇವಪ್ಪನವರು ಕೊರಳಲ್ಲಿದ್ದ ಲಿಂಗವನ್ನು ಹಿಡಿದುಕೊಂಡರು. "ಶಿವ ಶಿವಾ!"

"ತಮಾಷೆಗೂ ಬೇಡ," ಎಂದಳು ಮೈತ್ರೇಯಿ. "ಲೈಸೆನ್ಸ್ ಇಲ್ದೆ ಮನೇಲಿ ಮದ್ಯ ಇಳಿಸೋದು ಈ ದೇಶದಲ್ಲಿ ಅಪರಾಧ. ಅದರ ಆವಿಗೆ ಒಲೆಯ ಉರಿ ತಗುಲಿದ್ರೆ ಮನೆಗೇ ಬೆಂಕಿ. ನಮ್ಮದು ನೀರು, ಹೂವು, ಅಷ್ಟೇ."

ಅಳತೆಯ ಜಾಡಿಯಲ್ಲಿ ಐನೂರು ಮಿಲಿ ತುಂಬಿದಾಗ ಜಗದೇವಪ್ಪನವರು ಯಾರೂ ಹೇಳದೆಯೇ ಒಲೆ ಆರಿಸಿದರು. ಪಾತ್ರೆಯಲ್ಲಿ ಇನ್ನೂ ಸುಮಾರು ಒಂದು ಲೀಟರು ಇರಬೇಕು. ತಳ ಒಣಗುವ ಮಾತೇ ಇಲ್ಲ. ಹೆಮ್ಮೆಯಿಂದ ಜಾಡಿಯನ್ನು ಮೂಗಿಗೆ ಹಿಡಿದವರ ಮುಖ ಇಳಿಯಿತು.

"ಬೇಯಿಸಿದ ಪುಂಡಿಸೊಪ್ಪಿನ ಪಲ್ಯದ ವಾಸನಿ."

ಪಾರ್ವತೆವ್ವ ಮೂಸಿ ಜಾಡಿಯನ್ನು ಕೆಳಗಿಟ್ಟರು. ಬೇಲಿಯಲ್ಲಿ ಮೊಗ್ಗು ಮಾತ್ರ ಉಳಿದಿತ್ತು.

"ಹೊಸದಾಗಿ ಇಳಿಸಿದ್ದು ಹಾಗೇ ಇರತ್ತೆ," ಎಂದಳು ಮೈತ್ರೇಯಿ. "ಕುದಿಸಿ ಆರಿಸಿದ ಬಾಟ್ಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಫ್ರಿಜ್‌ನಲ್ಲಿಡಿ. ನಾಳೆ ನೋಡೋಣ. ಕುಡಿಯೋಕಲ್ಲ, ಚಿಮುಕಿಸೋಕೆ."

ಭಾನುವಾರ ಅತಿಥಿಗಳು ಬರುವ ಮೊದಲು ಪಾರ್ವತೆವ್ವ ಬಾಟಲಿಯನ್ನು ತೆಗೆದು, ಸೊಸೆಯ ಅಂಗೈಗೆ ನಾಲ್ಕು ಹನಿ ಹಾಕಿದರು. ಪಲ್ಯದ ವಾಸನೆ ಪೂರ್ತಿ ಹೋಗಿರಲಿಲ್ಲ. ಆದರೆ ಅದನ್ನು ಹಿಂದಿಕ್ಕಿ ಗುಲಾಬಿ ಮುಂದೆ ಬಂದಿತ್ತು. ಹಸಿರು ಸೀರೆಯ ಪ್ರಿಯಾಂಕಾ ಕೈಯನ್ನು ಮುಖಕ್ಕೆ ಒತ್ತಿ, ಕಣ್ಣು ಮುಚ್ಚಿ ನಿಂತಳು. ಜಗದೇವಪ್ಪನವರು ಉಸಿರು ಬಿಗಿಹಿಡಿದಿದ್ದರು.

"ಅತ್ತಿಯಾರ, ಇನ್ನೊಂಚೂರು ಹಾಕ್ರಿ," ಎಂದಳು ಪ್ರಿಯಾಂಕಾ.

ಬಾಗಿಲಲ್ಲಿ ಬಂದವರೆಲ್ಲರ ಮೇಲೂ ಪನ್ನೀರು ಬಿತ್ತು. ಅಲ್ಲೇ ಸಮೀಪದ ಎಜ್‌ವೇರಿನಿಂದ ಬಂದ ಅನಂತಮೂರ್ತಿಯವರು ಭುಜ ಮೂಸಿಕೊಂಡು, "ಆಹಾ! ಜಗದೇವಪ್ಪನವರೇ, ನಮ್ಮನೇಲೂ ಗುಲಾಬಿ ಇದೆ, ಒಂದು ಹಳೇ ಕುಕ್ಕರ್ ಕೂಡ ಇದೆ. ಹೇಗೆ ಮಾಡೋದು ಹೇಳಿಕೊಡಿ," ಎಂದರು.

"ಗುಲಾಬಿ ಇದ್ದರ ಬರ್ತೀನಿ. ಕುಕ್ಕರ್ ಇಟ್ಟರ ಬರಂಗಿಲ್ಲ," ಎಂದು ಜಗದೇವಪ್ಪನವರು ಅವರನ್ನು ಕೈಹಿಡಿದು ಅಡುಗೆಮನೆಗೆ ಕರೆದೊಯ್ದು, ಗಾಜಿನ ಮುಚ್ಚಳದ ರಂಧ್ರದಿಂದ ಪಾಠ ಆರಂಭಿಸಿದರು. ಊಟಕ್ಕೆ ಮೂರು ಬಾರಿ ಕರೆದರೂ ಇಬ್ಬರೂ ಹೊರಗೆ ಬರಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹೂವಿನ ನೀರು ಇಳಿಸುವ ಆಸೆಯಿದ್ದರೆ ಇಳಿಸಿರಿ. ಅದು ಸಂತೋಷದ ಕೆಲಸ. ಆದರೆ ಬಿಗಿಯುವ ಮುಚ್ಚಳದ ಪಾತ್ರೆ ಬೇಡ. ಆವಿ ಹೊರಬರುವ ದಾರಿಗೆ ಅಂಟು, ತಂತಿ, ಕಲ್ಲು ಯಾವುದೂ ಬೇಡ. ಮೊದಲ ಸಲ ಬರೀ ನೀರಿನಿಂದ ಪರೀಕ್ಷಿಸಿರಿ. ಹಾಕಿದ ನೀರಿನ ಮೂರನೆಯ ಒಂದು ಪಾಲು ಬಂದೊಡನೆ ನಿಲ್ಲಿಸಿರಿ. ಉರಿ ಇದ್ದಷ್ಟು ಹೊತ್ತೂ ಒಬ್ಬರು ಅಲ್ಲೇ ಇರಿ. ಬಸುರಿಯರೂ ಮಕ್ಕಳೂ ದೂರವಿರಲಿ. ಪಾತ್ರೆ ಕುದಿಯುತ್ತಿದ್ದೂ ಹನಿ ಬೀಳದಿದ್ದರೆ ಉರಿ ಏರಿಸಬೇಡಿ. ಒಲೆ ಆರಿಸಿ, ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಪಾತ್ರೆ ತಣಿಯುವ ತನಕ ಕಾಯಿರಿ.