ಬೆರಳಿನ ಕಪ್ಪು

ಅಡುಗೆಕೋಣೆಯ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ್ದ ಬ್ಯಾಗಿನೊಳಗೆ ಸುಗಂಧಿ ಮೊಣಕೈವರೆಗೆ ಕೈ ಇಳಿಸಿದ್ದಳು. ಬುತ್ತಿ ಡಬ್ಬ ಸಿಕ್ಕಿತು, ಕೊಡೆ ಸಿಕ್ಕಿತು, ಲ್ಯಾಬಿನ ಕೀ ಗೊಂಚಲು ಝಣಕ್ಕೆಂದು ಸದ್ದು ಮಾಡಿ ಅವಳ ಜೀವವನ್ನು ಬಾಯಿಗೆ ತಂದಿತು. ಬೇಕಾದ ಕಾಗದ ಮಾತ್ರ ಸಿಗಲಿಲ್ಲ. ಚಾವಡಿಯಲ್ಲಿ ಪರಮೇಶ್ವರಿಯ ಹೆಣದ ಸುತ್ತ ಹೆಂಗಸರು ಅಳುತ್ತಿದ್ದರು. ಇಲ್ಲಿ ತಾನು ಸತ್ತವರ ಚೀಲ ತಡಕುತ್ತಿದ್ದೇನಲ್ಲ ಎಂದು ಹುಡುಗಿಗೆ ನಾಚಿಕೆಯಾಯಿತು. ಏನು ಮಾಡುವುದು, ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

"ಯಾರದು ಅಲ್ಲಿ? ಸುಗಂಧಿಯಾ? ಎಂತ ಮಾಡ್ತಿದ್ದಿ?"

ಮುತ್ತಮ್ಮ ಪಾಟಿ. ಕಾಲನಿಯಲ್ಲಿ ಹುಟ್ಟಿದವರನ್ನು ಮೀಯಿಸುವುದೂ ಸತ್ತವರನ್ನು ಮೀಯಿಸುವುದೂ ಈ ಅಜ್ಜಿಯೇ. ಸುಗಂಧಿ ಕೈ ಹೊರಗೆಳೆದು ಶಾಲಿನೊಳಗೆ ಮುಚ್ಚಿಕೊಂಡಳು.

"ನೀರು ಕುಡೀಲಿಕ್ಕೆ ಬಂದೆ ಪಾಟಿ."

"ಕುಡಿ ಕುಡಿ. ಹುಣಸೆ ಹುಳಿ ಎಲ್ಲುಂಟು ನೋಡು. ಇವಳ ಬೆರಳಿನ ಕಪ್ಪು ಹೋಗುದೇ ಇಲ್ಲ ಮಗಾ. ಸೋಪು ಹಾಕಿ ಆಯ್ತು, ಲಿಂಬೆ ತಿಕ್ಕಿ ಆಯ್ತು. ಇಷ್ಟು ಚಂದ ಸೀರೆ ಉಡಿಸಿ ಕೈ ಮಾತ್ರ ಹೀಗೆ ಇಟ್ಟು ಕಳಿಸುದಾ?"

"ಅದು ಹೋಗ್ಲಿಕ್ಕಿಲ್ಲ ಪಾಟಿ. ಸಿಲ್ವರ್ ನೈಟ್ರೇಟ್. ಚರ್ಮ ಉದುರಿದ್ರೇ ಹೋಗುದು."

"ಇನ್ನು ಎಲ್ಲಿ ಉದುರುದು, ಅಯ್ಯೋ ದೇವರೇ," ಎಂದು ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆದರೂ ಹುಣಸೆ ಹುಳಿ ತೆಗೆದುಕೊಂಡೇ ಹೋದಳು. ಸುಗಂಧಿ ಅವಳ ಹಿಂದೆ ಹೋಗಲೇಬೇಕಾಯಿತು.

ಕೋಡಿಂಬಾಳದಿಂದ ಒಳಗೆ, ರಬ್ಬರ್ ತೋಟದ ನಡುವೆ ಈ ಕಾಲನಿ. ಐವತ್ತು ವರ್ಷದ ಹಿಂದೆ ಸಿಲೋನಿನಿಂದ ಹಡಗು ಹತ್ತಿ ಬಂದು ಮರ ಕೊರೆದು ಹಾಲು ತೆಗೆಯುವ ಟ್ಯಾಪಿಂಗ್ ಕೆಲಸಕ್ಕೆ ನಿಂತವರ ಮನೆಗಳು. ಮನೆಯೊಳಗೆ ತಮಿಳು, ಗೇಟಿನ ಹೊರಗೆ ತುಳು, ಕನ್ನಡ. ಪರಮೇಶ್ವರಿ ಆರು ವರ್ಷದವಳಿದ್ದಾಗ ಬಂದವಳು. ಪೇಟೆಯ ಕಾಲೇಜಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್. ನಿನ್ನೆ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದವಳು ಎದೆ ಹಿಡಿದು ಕುಳಿತದ್ದು, ಮತ್ತೆ ಏಳಲಿಲ್ಲ.

ಅಂಗಳದಲ್ಲಿ ಜೀಪಿನ ಡ್ರೈವರ್ ಪೋಕರ್ ಅದನ್ನೇ ಐದನೆಯ ಸಲ ಹೇಳುತ್ತಿದ್ದ. "ನಾನೇ ಎತ್ತಿ ಜೀಪಿಗೆ ಹಾಕಿದ್ದು. ಪ್ರಜ್ಞೆ ಇಲ್ಲ, ಆದ್ರೆ ಬ್ಯಾಗು ಬಿಡ್ಲೇ ಇಲ್ಲ ಮಾರಾಯ್ರೆ. ಆಸ್ಪತ್ರೆಯಲ್ಲಿ ನರ್ಸು ಒಂದೊಂದೇ ಬೆರಳು ಬಿಡಿಸಿ ತೆಗೆದದ್ದು. ಅಂಥದ್ದು ಎಂತ ಇತ್ತೋ ಅದರಲ್ಲಿ."

ಎಂತ ಇತ್ತು ಎಂದು ಗೊತ್ತಿದ್ದವಳು ಸುಗಂಧಿಯೊಬ್ಬಳೇ. ಅವಳ ಸ್ವಂತ ಸಹಿ ಇದ್ದ ಕಾಗದ ಅದು.

*

ನಾಲ್ಕು ತಿಂಗಳ ಹಿಂದೆ ಪುತ್ತೂರಿನಿಂದ ಗಾನಶ್ರೀ ಎಂಬವಳು ಸುಗಂಧಿ ಓದುವ ಅದೇ ಕಾಲೇಜಿಗೆ ಬಂದಿದ್ದಳು. ಮನೆತನದಲ್ಲಿ ಯಾರೂ ಓದದ ಮಕ್ಕಳು, ಕಾಲನಿಯ ಮಕ್ಕಳು ವಿಜ್ಞಾನ ಓದಲು ಬಂದರೆ ಅವರ ಅನುಭವ ಹೇಗಿರುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದಳು. ಕೆಮಿಕಲ್ ಇಡುವ ಸ್ಟೋರ್ ರೂಮಿನಲ್ಲಿ ಎರಡು ಸ್ಟೂಲು, ನಡುವೆ ರೆಕಾರ್ಡರು. ಬಾಗಿಲಲ್ಲಿ ಪರಮೇಶ್ವರಿ ಕಾವಲು.

"ಎಷ್ಟು ಮಾರ್ಕು ಬಂತು, ಅದು ನಂಗೆ ಬೇಡ," ಎಂದಿದ್ದಳು ಗಾನಶ್ರೀ. "ನಿಂಗೆ ಒಳಗೆ ಹೇಗಾಗ್ತದೆ, ಅದು ಹೇಳು. ನಿನ್ನ ಹೆಸರು ಎಲ್ಲಿಯೂ ಬರುದಿಲ್ಲ."

ಒಳಗೆ ಹೇಗಾಗುತ್ತದೆ ಎಂದು ಸುಗಂಧಿಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೇಳಿದ್ದೇ ತಡ, ಬಾಯಿ ಬಿಟ್ಟವಳು ಮುಚ್ಚಲಿಲ್ಲ.

"ಕೆಮಿಸ್ಟ್ರಿಯ ಕೃಷ್ಣಮೋಹನ ಸರ್ ಬೈಯುದಿಲ್ಲ ಅಕ್ಕಾ. ನಗಾಡಿಕೊಂಡೇ ಹೇಳುದು. 'ಕಾಲನಿಯವರ ಕೈ ಅಂದ್ರೆ ಕೈ. ಮರಕ್ಕೆ ಗಾಯ ಆಗದ ಹಾಗೆ ಹಾಲು ತೆಗೆಯುವವರು. ನಿನ್ನ ಕೈಯಲ್ಲಿ ಒಂದು ಟ್ಯೂಬು ಒಡೀಲಿಕ್ಕಿಲ್ಲ, ನೀನು ತೊಳಿ' ಅಂತ. ಎಲ್ಲರೂ ನಗಾಡ್ತಾರೆ. ನಾನೂ ನಗಾಡ್ತೇನೆ. ಮೂವರ ಬ್ಯಾಚಿನಲ್ಲಿ ಇಬ್ಬರು ಪ್ರಯೋಗ ಮಾಡುದು, ನಾನು ತೊಳೆಯುದು. ರಿಸಲ್ಟು ಅವರ ಪುಸ್ತಕ ನೋಡಿ ಬರೆಯುದು. ಆ ಸಿಲ್ವರ್ ನೈಟ್ರೇಟ್ ಕೈಗೆ ತಾಗುವಾಗ ನೀರಿನ ಹಾಗೆ, ಬಿಸಿಲಿಗೆ ಬಂದ ಮೇಲೆ ಕಪ್ಪು. ಮನೆಯಲ್ಲಿ ಊಟಕ್ಕೆ ಕೂತ್ರೆ ಅನ್ನ ಬೆಳ್ಳಗೆ, ನನ್ನ ಬೆರಳು ಕಪ್ಪು. ಅಪ್ಪನಿಗೆ ಅದು ನೋಡಿ ಖುಷಿ. ಮಗಳು ದೊಡ್ಡ ಪ್ರಯೋಗ ಮಾಡ್ತಿದ್ದಾಳೆ ಅಂತ ಅವರ ಲೆಕ್ಕ."

ಬಾಗಿಲಲ್ಲಿದ್ದ ಪರಮೇಶ್ವರಿ ಒಮ್ಮೆ ತಿರುಗಿ ನೋಡಿದ್ದಳು.

ಕೊನೆಗೆ, ಹೇಳಿದ್ದನ್ನು ಬರೆಯಬಹುದೆಂಬ ಒಪ್ಪಿಗೆ ಪತ್ರ. ಎರಡು ಪ್ರತಿ, ಎರಡಕ್ಕೂ ಸಹಿ, ನೇರಳೆ ಬಣ್ಣದ ಮೊಹರು. ಒಂದು ಗಾನಶ್ರೀಗೆ, ಒಂದು ಸುಗಂಧಿಗೆ. ಮನೆಗೆ ಒಯ್ದರೆ ಅಪ್ಪ ಓದಿಸಿ ಕೇಳುತ್ತಾರೆ, ಕಾಲೇಜಿನಲ್ಲಿಟ್ಟರೆ ಯಾರಾದರೂ ನೋಡುತ್ತಾರೆ.

"ಅತ್ತೆ, ನೀವೇ ಇಟ್ಟುಕೊಳ್ಳಿ," ಎಂದು ಅವಳು ಅದನ್ನು ಪರಮೇಶ್ವರಿಯ ಬ್ಯಾಗಿಗೆ ತುರುಕಿದ್ದಳು.

*

ಹನ್ನೊಂದು ಗಂಟೆಗೆ ಕಾಲೇಜಿನ ಕಾರು ಬಂತು. ಕೃಷ್ಣಮೋಹನ ಸರ್ ಹೂವಿನ ಹಾರ ಹಿಡಿದು ಇಳಿದರು. ಅವರ ಹಿಂದೆಯೇ ಗಾನಶ್ರೀ ಬಸ್ಸಿಳಿದು ನಡೆದು ಬಂದಳು. ಸುಗಂಧಿಯನ್ನು ನೋಡಿದವಳು ಕಣ್ಣು ತಪ್ಪಿಸಿ ಮನೆಯ ಹಿಂಬದಿಗೆ ಹೋದಳು.

ಸರ್ ಹಾರ ಹಾಕಿ ನಿಂತಲ್ಲೇ ಅತ್ತರು. ನಾಟಕದ ಅಳು ಅಲ್ಲ. "ಇಪ್ಪತ್ತೆರಡು ವರ್ಷ ಒಟ್ಟಿಗೆ ಕೆಲಸ ಮಾಡಿದ್ದು ಸೆಲ್ವರಾಜ್. ನಾನು ಬರುವ ಮೊದಲೇ ನನ್ನ ಮೇಜು ಒರೆಸಿ ಆಗಿರ್ತಿತ್ತು," ಎಂದು ಪರಮೇಶ್ವರಿಯ ಗಂಡನ ಎರಡೂ ಕೈ ಹಿಡಿದುಕೊಂಡರು. ಸೆಲ್ವರಾಜ ತಲೆಯಾಡಿಸಿದ.

ಆಮೇಲೆ ಸರ್ ದನಿ ತಗ್ಗಿಸಿದರು. "ಕೇಳಬಾರದ ಹೊತ್ತು. ಬುಧವಾರ ಪ್ರಾಕ್ಟಿಕಲ್ ಪರೀಕ್ಷೆ. ಸ್ಟೋರಿನ ಕೀ ಪರಮೇಶ್ವರಿ ಹತ್ರವೇ ಇತ್ತು..."

"ಬ್ಯಾಗಿನಲ್ಲಿ ಉಂಟು ಸರ್." ಸೆಲ್ವರಾಜ ಆಚೀಚೆ ನೋಡಿದ. "ಸುಗಂಧೀ, ಅತ್ತೆಯ ಬ್ಯಾಗು ಒಳಗುಂಟು, ತಾ ಮಗಾ."

ಸುಗಂಧಿ ಎದ್ದಳು. ಈಗ ಒಳಗೆ ಹೋಗಿ ಎರಡು ನಿಮಿಷ ಸಿಕ್ಕಿದರೆ ಸಾಕು ಎಂದುಕೊಂಡಳು. ಅದೂ ಸಿಗಲಿಲ್ಲ; ಅಡುಗೆಕೋಣೆಯಲ್ಲಿ ಮುತ್ತಮ್ಮ ಪಾಟಿ ಅಕ್ಕಿ ತೊಳೆಯುತ್ತ ಕುಳಿತಿದ್ದಳು. ಬ್ಯಾಗನ್ನು ಎಡಗೈಯಲ್ಲೇ ಎತ್ತಿಕೊಂಡು, ಬಲಗೈ ಶಾಲಿನೊಳಗೆ ಮುಚ್ಚಿಕೊಂಡು ಸುಗಂಧಿ ಹೊರಗೆ ಬಂದಳು.

"ಓ, ನೀನೂ ಇಲ್ಲಿಯವಳೇ ಅಲ್ವಾ," ಎಂದರು ಸರ್. "ಬುಧವಾರಕ್ಕೆ ತಯಾರಿ ಆಯ್ತಾ?"

ಅವಳು ತಲೆಯಾಡಿಸಿದಳು. ಬಾಯಲ್ಲಿ ಎಂಜಲು ಒಣಗಿತ್ತು. ಸರ್ ಜಿಪ್ಪು ಎಳೆದರು.

*

ಕಳೆದ ಸೋಮವಾರವೂ ಹೀಗೇ ಬಾಯಿ ಒಣಗಿತ್ತು.

ಗಾನಶ್ರೀಯ ವರದಿ ಪುಸ್ತಕವಾಗಿ ಬಂದು ಎರಡು ವಾರವಾಗಿತ್ತು. ಕೃಷ್ಣಮೋಹನ ಸರ್ ಅದನ್ನು ಲ್ಯಾಬಿಗೇ ತಂದು ಗಟ್ಟಿಯಾಗಿ ಓದಿದರು. ಸುಗಂಧಿಯ ಹೆಸರು ಇರಲಿಲ್ಲ, ಅಲ್ಲಿ 'ಮಲ್ಲಿಕಾ' ಎಂದಿತ್ತು. ಊರಿಲ್ಲ, ಕಾಲೇಜಿಲ್ಲ, ಸರ್ ಆಡಿದ ಮಾತೂ ಇಲ್ಲ. ಆದರೆ ಬೆರಳಿನ ಕಪ್ಪು ಇತ್ತು. ಬೆಳ್ಳಗಿನ ಅನ್ನ ಇತ್ತು. 'ಅವರು ಪ್ರಯೋಗ ಮಾಡುದು, ನಾನು ತೊಳೆಯುದು' ಇತ್ತು.

"ಈ ಮಲ್ಲಿಕಾ ಯಾರು ಮಾರಾಯ್ರೆ, ನಂಗೂ ನೋಡ್ಬೇಕು," ಎಂದರು ಸರ್, ನಗುತ್ತಲೇ. "ಎಲ್ಲರೂ ಕೈ ಮೇಜಿನ ಮೇಲೆ ಇಡಿ ನೋಡುವ. ಎಂತ ಹೆದರುದು? ನಾನೇನು ಕೈ ಕಡೀತೇನಾ?"

ಅವರು ಒಬ್ಬೊಬ್ಬರದೇ ಬೆರಳು ನೋಡುತ್ತ ಬಂದರು. ಶಶಾಂಕ ಎಂಬ ಹುಡುಗ ಎರಡೂ ಕೈ ಎತ್ತಿ, "ನನ್ನದು ಹಾಲಿನ ಹಾಗುಂಟು ಸರ್," ಎಂದ. ಎಲ್ಲರೂ ನಕ್ಕರು. ಸುಗಂಧಿ ಮೂರನೆಯ ಮೇಜಿನಲ್ಲಿದ್ದಳು. ಪ್ರಾಕ್ಟಿಕಲ್ ಮಾರ್ಕು ಈ ಮನುಷ್ಯನ ಕೈಯಲ್ಲಿ. ಒಂದು ವಿಷಯ ಹೋದರೆ ಸಾಕು, ಓದು ನಿಲ್ಲಿಸಿ ಇವಳನ್ನು ಟ್ಯಾಪಿಂಗಿಗೆ ಹಚ್ಚಲು ದೊಡ್ಡಪ್ಪಂದಿರು ಕಾದು ಕುಳಿತಿದ್ದಾರೆ. ಅವಳು ಬಲಗೈಯನ್ನು ಮೇಜಿನಡಿಗೆ ಎಳೆದುಕೊಂಡಳು.

"ಸುಗಂಧೀ," ಹಿಂದಿನಿಂದ ಪರಮೇಶ್ವರಿ ಕೂಗಿದಳು. "ಈ ನೀರಿನ ಕ್ಯಾನಿಗೆ ಒಂದು ಕೈ ಕೊಡು ಬಾ. ನನ್ನ ಸೊಂಟ ಹಿಡಿದಿದೆ."

ಸ್ಟೋರ್ ರೂಮಿನಲ್ಲಿ ಸುಗಂಧಿ ಗೋಡೆ ಹಿಡಿದು ನಿಂತಳು. ಪರಮೇಶ್ವರಿ ಅವಳ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಇಬ್ಬರ ಬಲಗೈ ಬೆರಳೂ ಒಂದೇ ಬಣ್ಣ.

"ನಾನು ನೋಡಿಕೊಳ್ತೇನೆ. ನೀನು ಬಾಯಿ ಮುಚ್ಚಿ ಓದು."

ಏನು ನೋಡಿಕೊಳ್ಳುತ್ತಾಳೆ, ಹೇಗೆ ನೋಡಿಕೊಳ್ಳುತ್ತಾಳೆ ಎಂದು ಹೇಳಲಿಲ್ಲ. ಸುಗಂಧಿ ಕೇಳಲೂ ಇಲ್ಲ.

*

ಕೀ ಗೊಂಚಲು ಹೊರಗೆ ಬಂತು. ಅದರ ಬಳೆಗೆ ಸಿಕ್ಕಿಕೊಂಡು ಒಂದು ಮಡಚಿದ ಕಾಗದವೂ ಬಂತು. ನೇರಳೆ ಮೊಹರು ಕಂಡದ್ದೇ ಸುಗಂಧಿ ಕಂಬಕ್ಕೆ ಒರಗಿದಳು. ಮುಗಿಯಿತು. ಇಷ್ಟು ಜನರ ಎದುರಿಗೆ, ಅಪ್ಪನ ಎದುರಿಗೆ.

ಸರ್ ಕಾಗದ ಬಿಡಿಸಿದರು. ಓದುತ್ತ ಅವರ ಮುಖ ಮೆತ್ತಗಾಯಿತು.

"ಇದೇ ಇದು. ಗುರುವಾರ ನನ್ನ ಮೇಜಿನ ಮೇಲೆ ತಂದಿಟ್ಟು ತೋರಿಸಿ, ತಿರುಗಿ ಒಯ್ದದ್ದು. 'ಸರ್, ಮಕ್ಕಳ ಕೈ ನೋಡ್ಬೇಡಿ. ಆ ಮಾತು ನನ್ನದು' ಅಂತ." ಅವರು ಸೆಲ್ವರಾಜನಿಗೆ ತೋರಿಸಿದರು. "ಇಲ್ಲಿ ನೋಡಿ. ಹೆಸರು ಪರಮೇಶ್ವರಿ. ಸಹಿಯೂ ಅವಳದ್ದೇ. ನಮ್ಮ ಕಾಲೇಜಿನಲ್ಲೇ ಪಿಯುಸಿ ಸೈನ್ಸ್ ಓದ್ಲಿಕ್ಕೆ ಸೇರಿದ್ದಳಂತೆ, ಎಂಬತ್ತಾರರಲ್ಲಿ. ನಂಗೆ ಗೊತ್ತೇ ಇರ್ಲಿಲ್ಲ. ಆಗಿನ ಮಾಸ್ಟ್ರು ತೊಳೀಲಿಕ್ಕೆ ಮಾತ್ರ ಬಿಡುದಂತೆ. ಪಾಪ, ಅಷ್ಟು ಹಳೇದು ಮನಸ್ಸಿನಲ್ಲಿ ಇಟ್ಟುಕೊಂಡು ಇದ್ದಳು. ಈಗ ಅಂಥದ್ದೆಲ್ಲ ಎಲ್ಲುಂಟು? ಪ್ರಿನ್ಸಿಪಾಲರಿಗೂ ಹಾಗೇ ಬರೆದು ಕೊಟ್ಟೆ, ಇದು ಹಳೇ ಕಾಲದ ಸಂಗತಿ ಅಂತ."

ಸೆಲ್ವರಾಜ ಕಾಗದವನ್ನು ಮುಟ್ಟಿ ನೋಡಿದ. "ಸೈನ್ಸ್ ಓದಿದ್ದು ನಂಗೆ ಹೇಳಿದ್ದಳು," ಎಂದ. "ತೊಳೆದದ್ದು ಹೇಳಿರ್ಲಿಲ್ಲ."

ಸುಗಂಧಿ ಹೇಗೋ ಮನೆಯ ಹಿಂದಕ್ಕೆ ಬಂದಳು. ನೀರಿನ ತೊಟ್ಟಿಯ ಹತ್ತಿರ ಗಾನಶ್ರೀ ಅಳುತ್ತ ನಿಂತಿದ್ದಳು.

"ಸೋಮವಾರ ರಾತ್ರಿ ಫೋನು ಮಾಡಿದ್ರು," ಎಂದಳು ಅವಳು, ಕೇಳುವ ಮೊದಲೇ. "'ನಂದೂ ಒಂದು ಕತೆ ಉಂಟು, ಬಂದು ಬರ್ಕೊಳ್ಳಿ, ಆ ಫಾರ್ಮೂ ತನ್ನಿ' ಅಂತ. ಬಂದೆ. ಎರಡು ಗಂಟೆ ಮಾತಾಡಿದ್ರು. ಸುಗಂಧಿ, ನಿನ್ನ ಮಾತೇ. ತೊಳೆದದ್ದು, ಬೆರಳು, ಎಲ್ಲ. ನೀನು ಹೇಳಿದ್ದನ್ನೇ ಬಾಯಿಪಾಠ ಮಾಡಿ ಹೇಳ್ತಿದ್ದಾರೆ ಅಂತ ನಾನು ಅಂದುಕೊಂಡೆ. ಆಮೇಲೆ ಅವರ ಆಗಿನ ಪ್ರಾಕ್ಟಿಕಲ್ ಪುಸ್ತಕ ತೋರಿಸಿದ್ರು. ಒಂದೂ ರೀಡಿಂಗ್ ಇಲ್ಲ, ಪುಟ ಪುಟವೂ ಖಾಲಿ."

"ನನ್ನ ಕಾಗದ?"

"ಬರ್ನರಿಗೆ ಹಿಡಿದ್ರಂತೆ. ಬೂದಿಯನ್ನೂ ತೊಳೆದೆ ಅಂತ ಹೇಳಿದ್ರು. ನನ್ನ ಹತ್ರ ಇದ್ದದ್ದು ಬೀಗದೊಳಗೆ ಉಂಟು, ನೀನು ಹೆದರ್ಬೇಡ." ಗಾನಶ್ರೀ ಮುಖ ಒರೆಸಿಕೊಂಡಳು. "ಹೆಸರು ತೆಗೆದೆ, ಊರು ತೆಗೆದೆ. ಆ ಬೆರಳು ತೆಗೀಬೇಕಿತ್ತು. ಮಾತು ಚಂದ ಇತ್ತು, ಬಿಡ್ಲಿಕ್ಕೆ ಮನಸ್ಸಾಗ್ಲಿಲ್ಲ. ತಪ್ಪು ನಂದೇ."

ಸುಗಂಧಿಗೆ ಉಸಿರು ಬಂತು. ಬದುಕಿದೆ ಎಂದುಕೊಂಡಳು. ಬುಧವಾರ ಹೋಗಿ ಬರೆದರಾಯಿತು, ಯಾರಿಗೂ ಗೊತ್ತಿಲ್ಲ. ಹಾಗೆ ಅಂದುಕೊಂಡ ಮರುಗಳಿಗೆ ಸರ್ ಹೇಳಿದ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಹಳೇ ಕಾಲದ ಸಂಗತಿ. ಮೊನ್ನೆ ಶುಕ್ರವಾರ ತಾನು ತೊಳೆದ ನಲವತ್ತು ಟ್ಯೂಬುಗಳೂ ಹಾಗಾದರೆ ಹಳೇ ಕಾಲದವು. ಸಿಟ್ಟು ಬಂತು, ಹೆದರಿಕೆಯೂ ಹಾಗೆಯೇ ಉಳಿದಿತ್ತು.

"ಸುಗಂಧೀ!" ಮುತ್ತಮ್ಮ ಪಾಟಿ ಕೂಗಿದಳು. "ವಾಯ್ಕರಿಸಿ ಹಾಕ್ಲಿಕ್ಕೆ ಬಾ. ಹೊತ್ತಾಯ್ತು."

ಹೆಣ ಎತ್ತುವ ಮೊದಲು ಮನೆಯವರು ಸತ್ತವರ ಬಾಯಿಗೆ ಮೂರು ಸಲ ಅಕ್ಕಿ ಹಾಕುವುದು ಕಾಲನಿಯ ಕ್ರಮ. ಪರಮೇಶ್ವರಿಗೆ ಮಕ್ಕಳಿರಲಿಲ್ಲ. ಸೆಲ್ವರಾಜ ಹಾಕಿದ, ಅವನ ತಂಗಿ ಹಾಕಿದಳು.

"ಅವಳಿಗೆ ಮಗಳ ಹಾಗೆ ಇದ್ದದ್ದು ನೀನೇ," ಎಂದ ಸೆಲ್ವರಾಜ. "ಹಾಕು ಮಗಾ."

ತಲೆಯ ಹತ್ತಿರವೇ ಕೃಷ್ಣಮೋಹನ ಸರ್ ನಿಂತಿದ್ದರು, ಕೀ ಗೊಂಚಲು ಹಿಡಿದುಕೊಂಡು. ಸುಗಂಧಿ ಎಡಗೈ ಚಾಚಿದಳು.

"ಅಯ್ಯೋ, ಎಡಗೈಯಾ?" ಮುತ್ತಮ್ಮ ಪಾಟಿ ಗದರಿದಳು. "ಬಲಗೈಯಲ್ಲಿ ಹಾಕುದು. ಎಂತಾಗಿದೆ ಆ ಕೈಗೆ?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಗಾಯ ಆಗಿದೆ ಎನ್ನಬಹುದಿತ್ತು. ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಅವಳು ಪರಮೇಶ್ವರಿಯ ಮುಖ ನೋಡಿದಳು, ಆಮೇಲೆ ಎದೆಯ ಮೇಲೆ ಹೆಬ್ಬೆರಳು ಜೋಡಿಸಿ ಕಟ್ಟಿದ್ದ ಕೈಗಳನ್ನು. ಹುಣಸೆ ಹುಳಿಗೂ ಹೋಗದ ಕಪ್ಪು.

ಸುಗಂಧಿ ಶಾಲಿನೊಳಗಿಂದ ಬಲಗೈ ತೆಗೆದಳು.

ತಟ್ಟೆಯ ಬೆಳ್ಳಗಿನ ಅಕ್ಕಿಗೆ ಕಪ್ಪು ಬೆರಳು ಇಳಿಸಿ ಮೊದಲ ಹಿಡಿ ಹಾಕಿದಳು. ಎರಡನೆಯದನ್ನೂ ಹಾಕಿದಳು. ತಲೆ ಎತ್ತಿ ನೋಡುವ ಧೈರ್ಯ ಬರಲಿಲ್ಲ. ತಲೆಯ ಮೇಲೆ ಎಲ್ಲೋ ಕೀ ಗೊಂಚಲು ಒಮ್ಮೆ ಸದ್ದು ಮಾಡಿ ಸುಮ್ಮನಾದದ್ದು ಮಾತ್ರ ಕೇಳಿಸಿತು. ಮೂರನೆಯ ಹಿಡಿಯಿಂದ ನಾಲ್ಕು ಕಾಳು ಜಾರಿ ಪರಮೇಶ್ವರಿಯ ಬೆರಳುಗಳ ಮೇಲೆ ಬಿದ್ದವು. ಸುಗಂಧಿ ಅವುಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು. ಅಲ್ಲಿ ಯಾವ ಬೆರಳು ಯಾರದೆಂದು, ಬಗ್ಗಿ ನೋಡಿದ ಕೃಷ್ಣಮೋಹನ ಸರ್‌ಗೂ ತಕ್ಷಣ ಗೊತ್ತಾಗಲಿಲ್ಲ.